ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು: ಬೆಂಗಳೂರಿನಿಂದ ಕಾಸರಗೋಡಿಗೆ ತರುವ ಮೊದಲು ಎಂತೆಲ್ಲ ನೋಡ್ಬೇಕು?

ಬದಿಯಡ್ಕದವ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಎರಡು ಬಾಗಿಲಿನ ಹಳೇ ಸ್ಪೋರ್ಟ್ಸ್ ಕಾರು ಒಂದು ತೆಗೆಯುವ ಅಂತ ಉಂಟು. ಕೈಯಲ್ಲಿರುವುದು ಒಟ್ಟು 30 ಲಕ್ಷ, ಕಾಸರಗೋಡಿನ ಕೆಎಲ್-14 ನಂಬರು ಮಾಡಿಸುವ ಖರ್ಚೂ ಅದರೊಳಗೇ ಆಗಬೇಕು. ಸದ್ಯ ಕಣ್ಣು ಬಿದ್ದದ್ದು ಮೂರರ ಮೇಲೆ: ಪೋರ್ಷೆ ಕೇಮನ್ ಎಸ್ (987), ಔಡಿ ಟಿಟಿ 2.0 ಕ್ವಾಟ್ರೊ (8ಜೆ), ಬಿಎಂಡಬ್ಲ್ಯೂ ಜೆಡ್4 35ಐ (ಇ89). ಬ್ರಾಕೆಟ್ಟಿನಲ್ಲಿರುವುದು ಕಂಪನಿಯ ಮಾಡೆಲ್ ಕೋಡ್. ಮೂರೂ ಬೆಂಗಳೂರಿನಲ್ಲಿ, ಮೂರೂ ಕೆಎ ನಂಬರು. ಮಾರುವವರು ನೋಡ್ಲಿಕ್ಕೆ ಎರಡು ಗಂಟೆ ಕೊಡ್ತೇವೆ ಅಂತಾರೆ.

ಆ ಎರಡು ಗಂಟೆಯಲ್ಲಿ ಎಂತ ನೋಡ್ಬೇಕು, ಯಾವುದಕ್ಕೆ ಬೇರೆ ದುಡ್ಡು ಕೊಟ್ಟು ಚೆಕ್ ಮಾಡಿಸ್ಬೇಕು, ಕಾಗದಪತ್ರ ಹೇಗೆ? ಮಳೆಗಾಲದಲ್ಲಿ ಕಾರು ಶೆಡ್ಡಿನಲ್ಲೇ ಇರ್ತದೆ. ಮನೆ ದಾರಿ ಕೆಂಪುಕಲ್ಲಿನ ಏರು, ಅದನ್ನೂ ಹೇಳಿಬಿಡ್ತೇನೆ.

ಉಪ್ಪಳ_ಸ್ಪ್ಯಾನರ್ ಬರೆದದ್ದು:

ಮೊದಲು ಆ ಕೇಮನ್ ಯಾವ ಮಾಡೆಲ್ ವರ್ಷದ್ದು ನೋಡಿ. 987 ಅಂತ ಹೇಳಿದರೆ ಸಾಲದು ಮಾರಾಯ್ರೆ, ಅದರಲ್ಲಿ ಎರಡು ಉಂಟು. 2008ರ ಮಾಡೆಲ್ ವರೆಗೆ ಎಂ97 ಇಂಜಿನ್, 2009ರಿಂದ ಪೂರ್ತಿ ಬೇರೆ ಇಂಜಿನ್. ಆರ್‌ಸಿಯಲ್ಲಿರುವ ರಿಜಿಸ್ಟ್ರೇಶನ್ ವರ್ಷ ನಂಬಬೇಡಿ, ಶೋರೂಮಿನಲ್ಲಿ ನಿಂತು ತಡವಾಗಿ ನೋಂದಣಿ ಆದ ಕಾರುಗಳಿರುತ್ತವೆ. ಚಾಸಿಸ್ ನಂಬರಿನ 10ನೇ ಅಕ್ಷರ ನೋಡಿ: 8 ಇದ್ದರೆ 2008, 9 ಇದ್ದರೆ 2009, ‘ಎ’ ಇದ್ದರೆ 2010. ಇನ್ನೊಂದು ಸುಲಭದ ಗುರುತು: ಪಿಡಿಕೆ (ಪೋರ್ಷೆಯ ಎರಡು ಕ್ಲಚ್ಚಿನ ಆಟೋಮ್ಯಾಟಿಕ್) ಗೇರ್‌ಬಾಕ್ಸ್ ಇದ್ದರೆ ಅದು ಹೊಸ ಇಂಜಿನ್ನೇ. ಹಳತರಲ್ಲಿ ಬಂದದ್ದು ಮ್ಯಾನುವಲ್, ಇಲ್ಲವೇ 5 ಗೇರಿನ ಟಿಪ್‌ಟ್ರಾನಿಕ್ ಆಟೋಮ್ಯಾಟಿಕ್.

ಇಷ್ಟು ಒತ್ತಿ ಹೇಳುವುದು ಯಾಕೆಂದರೆ ಹಳೇ 3.4 ಲೀಟರ್ ಇಂಜಿನ್ನಿನಲ್ಲಿ ಎರಡು ಕಾಯಿಲೆ. ಒಂದು ಬೋರ್ ಸ್ಕೋರಿಂಗ್. ಸಿಲಿಂಡರ್ ಗೋಡೆಯ ಸಿಲಿಕಾನ್ ಪದರ ಕಿತ್ತು ಹೋಗಿ ಪಿಸ್ಟನ್ ಗೋಡೆಯನ್ನು ಗೀರುತ್ತದೆ. ಆಮೇಲೆ ಆಯಿಲ್ ಕುಡಿಯುತ್ತದೆ, ತಣ್ಣಗಿರುವಾಗ ಆರ್‌ಪಿಎಂ ಜೊತೆ ಏರಿಳಿಯುವ ಟಕಟಕ ಶಬ್ದ ಕೇಳುತ್ತದೆ, 4ರಿಂದ 6ನೇ ಸಿಲಿಂಡರಿನ ಪ್ಲಗ್ಗುಗಳಲ್ಲಿ ಮಸಿ, ಆಯಿಲ್ ಪಸೆ ಕಾಣುತ್ತದೆ. ಪ್ಲಗ್ ಬಿಚ್ಚಿ, ಪಿಸ್ಟನ್ ಪೂರ್ತಿ ಕೆಳಗೆ ಇಳಿಸಿ, ಬೋರ್‌ಸ್ಕೋಪ್ (ತೂತಿನೊಳಗೆ ಇಳಿಸುವ ಸಪೂರ ಕ್ಯಾಮೆರಾ) ಹಾಕಿ ಆರೂ ಸಿಲಿಂಡರಿನ ಗೋಡೆ ನೋಡಬೇಕು. ಪಿಸ್ಟನ್ ಮೇಲಿದ್ದಾಗ ನೋಡಿದರೆ ಗೀರು ಇರುವ ಜಾಗ ಕಾಣುವುದೇ ಇಲ್ಲ. ‘ಸ್ಕೋಪ್ ಹಾಕಿದ್ದೇವೆ, ಏನೂ ಇಲ್ಲ’ ಅಂತ ಕೊಡುವ ಫೋಟೋಗಳಲ್ಲಿ ಅರ್ಧಕ್ಕರ್ಧ ಈ ಜಾತಿಯವು.

ಎರಡನೆಯದು ಐಎಂಎಸ್ ಬೇರಿಂಗ್, ಅಂದರೆ ಇಂಜಿನ್ನಿನ ಒಳಗಿನ ಇಂಟರ್‌ಮೀಡಿಯೆಟ್ ಶಾಫ್ಟಿನ ಬೇರಿಂಗ್. ಎಂ97ರಲ್ಲಿ ಹಾಕಿದ್ದು ದೊಡ್ಡ ಬೇರಿಂಗ್, ಮೊದಲಿನ ಪೋರ್ಷೆ ಬಾಕ್ಸ್‌ಟರಿನಷ್ಟು ಹೋಗುವುದಿಲ್ಲ. ಆದರೆ ಹೋದರೆ ಇಂಜಿನ್ ಎರಡು ಹೋಳು ಮಾಡದೆ ಅದನ್ನು ಹೊರಗೆ ತೆಗೆಯಲಿಕ್ಕಾಗುವುದಿಲ್ಲ. ಮುನ್ಸೂಚನೆ ಬೇಕಾದರೆ ಆಯಿಲ್ ಫಿಲ್ಟರ್ ಬಿಚ್ಚಿಸಿ, ಒಳಗಿನ ಕಾಗದದ ಮಡಿಕೆ ಕತ್ತರಿಸಿ ಬಿಳಿ ಬಟ್ಟೆಯ ಮೇಲೆ ಹರಡಿ ಅಯಸ್ಕಾಂತ ಹಿಡಿಯಿರಿ. ಅಂಟಿಕೊಳ್ಳುವ ಮಿನುಗು ಉಕ್ಕು, ಬೇರಿಂಗ್ ಕಡೆಯದ್ದು. ಅಂಟದ ಬೆಳ್ಳಿ ಬಣ್ಣದ ಚೂರು ಅಲ್ಯುಮಿನಿಯಂ, ಪಿಸ್ಟನ್, ಬೋರ್ ಕಡೆಯದ್ದು. ಎರಡೂ ಕಂಡರೆ ಮಾತು ಮುಂದುವರಿಸುವ ಕೆಲಸ ಇಲ್ಲ.

ಎಲ್ಲಾ ಪೋರ್ಷೆ ಫ್ಲಾಟ್ ಸಿಕ್ಸ್‌ಗೂ (ಸಿಲಿಂಡರ್ ಅಡ್ಡ ಮಲಗಿರುವ ಆರು ಸಿಲಿಂಡರ್ ಇಂಜಿನ್) ಇನ್ನೊಂದು: ಐಡಲ್‌ನಲ್ಲಿ ಆಯಿಲ್ ಮುಚ್ಚಳ ತೆಗೆಯಲು ನೋಡಿ. ಒಳಗಿಂದ ಬಲವಾಗಿ ಎಳೆದು ಹಿಡಿದ ಹಾಗೆ ಕಚ್ಚಿಕೊಂಡಿದ್ದರೆ ಏರ್-ಆಯಿಲ್ ಸೆಪರೇಟರ್ (ಇಂಜಿನ್ನಿನ ಗಾಳಿಯಿಂದ ಆಯಿಲ್ ಬೇರ್ಪಡಿಸುವ ಭಾಗ) ಹೋಗಿದೆ. ಮುಂದಿನ ಹಂತದಲ್ಲಿ ಸೈಲೆನ್ಸರಿನಿಂದ ಊರಿಗೆಲ್ಲ ಬಿಳಿ ಹೊಗೆ. ಸ್ಟಾರ್ಟ್ ಮಾಡಿದಾಗ ಒಮ್ಮೆ ಸಣ್ಣ ನೀಲಿ ಹೊಗೆ ಬಂದು ನಿಂತರೆ ಹೆದರಬೇಡಿ. ಮಲಗಿದ ಇಂಜಿನ್, ಆಯಿಲ್ ಸ್ವಲ್ಪ ಒಳಗೆ ಇಳಿದಿರುತ್ತದೆ.

ಟಿಟಿಯಲ್ಲಿ 2.0 ಟರ್ಬೋ ಎರಡು ಬಗೆ. ಟೈಮಿಂಗ್ ಬೆಲ್ಟ್ ಇರುವ ಹಳತರಲ್ಲಿ ಹೈ ಪ್ರೆಶರ್ ಪೆಟ್ರೋಲ್ ಪಂಪಿನ ಅಡಿಯ ಕ್ಯಾಮ್ ಫಾಲೋವರ್ ಸವೆಯುತ್ತದೆ. ಬೆರಳ ತುದಿಯಷ್ಟು ದೊಡ್ಡ ಬಟ್ಟಲು, ಮೂರು ಬೋಲ್ಟ್ ಬಿಚ್ಚಿದರೆ ಕೈಗೆ ಸಿಗುತ್ತದೆ. ಕಪ್ಪು ಕೋಟಿಂಗ್ ಹೋಗಿ ನಡುವೆ ಬೆಳ್ಳಗೆ ಹೊಳೆಯುತ್ತಿದ್ದರೆ ಆಗಲೇ ಬದಲಿಸಿ. ತೂತು ಬಿದ್ದರೆ ಕ್ಯಾಮ್ ಶಾಫ್ಟೂ ಹೋಗುತ್ತದೆ. ಚೈನ್ ಇರುವ ಇಂಜಿನ್ನಾದರೆ ಚೈನ್ ಬಿಗಿ ಹಿಡಿಯುವ ಟೆನ್ಷನರ್ ನೋಡಬೇಕು, ಬೆಳಗ್ಗಿನ ಮೊದಲ ಸ್ಟಾರ್ಟಿನಲ್ಲಿ ಎರಡು ಮೂರು ಸೆಕೆಂಡ್ ಗಲಗಲ ಅಂದರೆ ಅದೇ. ಇದಕ್ಕೆ ಆಯಿಲ್ ಕುಡಿಯುವ ಚಾಳಿಯೂ ಉಂಟು; 1000 ಕಿ.ಮೀ.ಗೆ ಅರ್ಧ ಲೀಟರ್ ದಾಟಿದರೆ ಪಿಸ್ಟನ್ ರಿಂಗಿನ ಕೆಲಸ. ಡಿಎಸ್‌ಜಿ (ಟಿಟಿಯ ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್) 6 ಸ್ಪೀಡ್ ಆಯಿಲ್ 60,000 ಕಿ.ಮೀ.ಗೊಮ್ಮೆ ಫಿಲ್ಟರ್ ಸಮೇತ ಬದಲಿಸಿದ ಬಿಲ್ ಕೇಳಿ. ಬಿಲ್ ಇಲ್ಲವೆಂದರೆ ಬದಲಿಸಿಲ್ಲ ಎಂದೇ ಲೆಕ್ಕ. ಹಿಂದಿನ ಚಕ್ರಕ್ಕೆ ಶಕ್ತಿ ಕಳಿಸುವ ಹಾಲ್ಡೆಕ್ಸ್ ಯೂನಿಟ್ಟಿಗೂ ಪ್ರತ್ಯೇಕ ಆಯಿಲ್ ಇದೆ, ಅದನ್ನು ಎಲ್ಲರೂ ಮರೆಯುತ್ತಾರೆ. ಮ್ಯಾಗ್ನೆಟಿಕ್ ರೈಡ್ (ಗಡಸುತನ ಕರೆಂಟಿನಲ್ಲಿ ಬದಲಾಗುವ ಸಸ್ಪೆನ್ಶನ್) ಇದ್ದರೆ ನಾಲ್ಕೂ ಡ್ಯಾಂಪರಿನಲ್ಲಿ ಆಯಿಲ್ ಪಸೆ ಇದೆಯೋ ನೋಡಿ, ಮಾಮೂಲಿ ಶಾಕ್ ಅಬ್ಸಾರ್ಬರ್ ಬೆಲೆಗೆ ಸಿಗುವ ಮಾಲಲ್ಲ.

ಜೆಡ್4 35ಐಯ ಟ್ವಿನ್ ಟರ್ಬೋ ಇಂಜಿನ್ ಓಡುವಾಗ ಬಹಳ ಚಂದ. ಸ್ಟಾರ್ಟರ್ ತುಂಬಾ ಹೊತ್ತು ತಿರುಗಿದ ಮೇಲೆ ಹೊತ್ತಿಕೊಂಡರೆ ಹೈ ಪ್ರೆಶರ್ ಪಂಪ್, ಆಕ್ಸಿಲರೇಟರ್ ಬಿಡುವಾಗ ತಗಡು ಅಲ್ಲಾಡಿದ ಶಬ್ದ ಬಂದರೆ ಟರ್ಬೋದ ಒತ್ತಡ ನಿಯಂತ್ರಿಸುವ ವೇಸ್ಟ್‌ಗೇಟ್. ವಾಟರ್ ಪಂಪ್ ಕರೆಂಟಿನದ್ದು. ಅದು ಸೋರಿ ಎಚ್ಚರಿಸುವುದಿಲ್ಲ, ಒಂದು ದಿನ ನಿಲ್ಲುತ್ತದೆ ಅಷ್ಟೆ. 80,000 ಕಿ.ಮೀ. ದಾಟಿದ ಕಾರಿನಲ್ಲಿ ಇನ್ನೂ ಮೊದಲಿನದ್ದೇ ಇದ್ದರೆ ಥರ್ಮೋಸ್ಟಾಟ್ ಸಮೇತ ಬದಲಿಸುವ ಖರ್ಚು ಬೆಲೆಯಲ್ಲಿ ಕಳೆಯಿರಿ. ಆಯಿಲ್ ಫಿಲ್ಟರ್ ಹೌಸಿಂಗ್ ಗ್ಯಾಸ್ಕೆಟ್ ಸೋರಿ ಬೆಲ್ಟಿನ ಮೇಲೆ ಬೀಳುವುದೂ ಉಂಟು. ಚಾವಣಿ ಕನಿಷ್ಠ ಮೂರು ಸಲ ಪೂರ್ತಿ ತೆಗೆದು ಮುಚ್ಚಿಸಿ, ಎರಡನೇ ಸಲಕ್ಕೆ ನಡುವೆ ನಿಂತರೆ ಅದರ ರಿಪೇರಿ ದೊಡ್ಡದು.

ನನ್ನ ಅಭಿಪ್ರಾಯ: ಕೇಮನ್ 2009 ಅಥವಾ ಮೇಲಿನದ್ದಾದರೆ ಮೊದಲ ಆಯ್ಕೆ ಅದು. 2008ರ ಒಳಗಿನ 3.4 ಆದರೆ ಬೋರ್‌ಸ್ಕೋಪ್ ರಿಪೋರ್ಟ್ ಇಲ್ಲದೆ ಪುಕ್ಕಟೆ ಹತ್ತಿರ ಕೊಟ್ಟರೂ ಬೇಡ.

ಫಾರಂ_ಮೂವತ್ತು ಬರೆದದ್ದು:

ಇಂಜಿನ್ ಸಂಗತಿ ಸ್ಪ್ಯಾನರಣ್ಣ ಹೇಳಿಯಾಯಿತು. ನಾನು ಕಾಗದದ ಬಗ್ಗೆ ಬರೆಯುತ್ತೇನೆ. ಗಡಿನಾಡಿನವರು ಮುಗ್ಗರಿಸುವುದು ಇಲ್ಲೇ.

ಮೊದಲನೆಯದಾಗಿ ವಯಸ್ಸು. ಖಾಸಗಿ ಕಾರಿನ ಆರ್‌ಸಿಗೆ 15 ವರ್ಷದ ಆಯುಸ್ಸು, ಆಮೇಲೆ ಫಾರಂ 25ರಲ್ಲಿ ಅರ್ಜಿ ಹಾಕಿ, ಕಾರು ತೋರಿಸಿ, 5 ವರ್ಷಕ್ಕೊಮ್ಮೆ ನವೀಕರಿಸಬೇಕು. ನೀವು ಹೇಳಿದ ಕಾರುಗಳಲ್ಲಿ ಕೆಲವಕ್ಕೆ ಈ ಅವಧಿ ಮುಗಿದಿರಬಹುದು, ಕೆಲವಕ್ಕೆ ಹತ್ತಿರ ಬಂದಿರಬಹುದು. ‘ನೀವೇ ಕೇರಳದಲ್ಲಿ ಮಾಡಿಸಿಕೊಳ್ಳಿ’ ಎನ್ನುವ ಮಾತಿಗೆ ಒಪ್ಪಬೇಡಿ. ಮಾರುವವರೇ ಕರ್ನಾಟಕದಲ್ಲಿ ನವೀಕರಿಸಿ ಕೊಡಲಿ. ಆಮದಾದ ಕಾರಿಗೆ ನವೀಕರಣ ಶುಲ್ಕ ಮಾಮೂಲಿ ಕಾರಿನ ಹಲವು ಪಟ್ಟು, ಅದನ್ನು ಯಾರು ಕಟ್ಟುವುದು ಎಂದು ಮೊದಲೇ ಮಾತಾಡಿ.

ತೆರಿಗೆ. ಕೇರಳದಲ್ಲಿ 20 ಲಕ್ಷ ಮೀರಿದ ಕಾರಿಗೆ ಒಂದಾವರ್ತಿ ತೆರಿಗೆ ಶೇ. 20ಕ್ಕೂ ಮೇಲೆ. ಹೊರರಾಜ್ಯದ ಹಳೇ ಕಾರಿಗೆ ವಯಸ್ಸಿಗೆ ತಕ್ಕಂತೆ ಅದರಲ್ಲಿ ಒಂದು ಪಾಲು ಮಾತ್ರ. ಆದರೆ ಲೆಕ್ಕ ಹಿಡಿಯುವುದು ನೀವು ಈಗ ಕೊಡುವ ಬೆಲೆಯ ಮೇಲಲ್ಲ, ಕಾರು ಹೊಸತಿದ್ದಾಗಿನ ಬೆಲೆಯ ಮೇಲೆ. ಮೊದಲ ಇನ್‌ವಾಯ್ಸ್ ಪ್ರತಿ ಕೇಳಿ ಪಡೆದು, ಮುಂಗಡ ಕೊಡುವ ಮೊದಲೇ ಕಾಸರಗೋಡು ಆರ್‌ಟಿಒ ಕಚೇರಿಯಲ್ಲಿ ಮೊತ್ತ ತಿಳಿದುಕೊಳ್ಳಿ. 30 ಲಕ್ಷದ ಬಜೆಟ್ ಇದೊಂದರಲ್ಲೇ ತಲೆಕೆಳಗಾಗುವುದುಂಟು. ಕರ್ನಾಟಕದಲ್ಲಿ ಕಟ್ಟಿದ ಆಜೀವ ತೆರಿಗೆಯಲ್ಲಿ ಏನಾದರೂ ವಾಪಸ್ ಬರುವುದಿದ್ದರೆ ಅದು ಯಾರ ಕೈಗೆ ಎಂಬುದನ್ನೂ ಕರಾರಿನಲ್ಲಿ ಬರೆಯಿಸಿ.

ಕ್ರಮ ಹೀಗೆ. ಸರಕಾರದ ‘ವಾಹನ್’ ವೆಬ್‌ಸೈಟಿನಲ್ಲಿ ನಂಬರು ಹಾಕಿ ಎಷ್ಟನೇ ಮಾಲಕ, ಸಾಲ ನಮೂದಾಗಿದೆಯೇ, ಬ್ಲ್ಯಾಕ್‌ಲಿಸ್ಟ್ ಆಗಿದೆಯೇ ನೋಡಿ. ಸಾಲ ಇದ್ದದ್ದಾದರೆ ಬ್ಯಾಂಕಿನ ಪತ್ರ ಮಾತ್ರ ಸಾಲದು, ಫಾರಂ 35 ಕೊಟ್ಟು ಆರ್‌ಸಿಯಿಂದ ತೆಗೆಸಿರಬೇಕು. ಟ್ರಾಫಿಕ್ ದಂಡ ಬಾಕಿ ಎಲ್ಲ ಕಟ್ಟಿಸಿ. ಆಮೇಲೆ ಫಾರಂ 28ರಲ್ಲಿ ಎನ್‌ಒಸಿ, ಅದರಲ್ಲಿ ಕಾಸರಗೋಡು ಕಚೇರಿಯ ಹೆಸರೇ ಇರಬೇಕು. ಮಾರಾಟಕ್ಕೆ ಫಾರಂ 29, 30. ಇಲ್ಲಿ ಬಂದ ಮೇಲೆ ಹೊಸ ನಂಬರಿಗೆ ಫಾರಂ 27. ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್ ನೀವೇ ನಿಂತು ತೆಗೆಸಿ. ಇನ್ಶೂರೆನ್ಸ್ ಹೆಸರು ಬದಲಾವಣೆಗೆ 14 ದಿನದೊಳಗೆ ಅರ್ಜಿ. ಮಾರುವವರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ, ವ್ಯತ್ಯಾಸದ ಹಣ ಕಟ್ಟಬೇಕು.

ಪುದುಚೇರಿ ನಂಬರಿನ ಕಾರು ಅಗ್ಗಕ್ಕೆ ಸಿಕ್ಕಿದರೆ ವಿಳಾಸದ ದಾಖಲೆ ಕೇಳಿ. ತೆರಿಗೆ ತಪ್ಪಿಸಲು ಸುಳ್ಳು ವಿಳಾಸ ಕೊಟ್ಟ ಪ್ರಕರಣಗಳು 2017ರಿಂದ ಕೇರಳದಲ್ಲಿ ತನಿಖೆಯಾಗಿವೆ. 2025ರ ಸೆಪ್ಟೆಂಬರಿನಲ್ಲಿ ಭೂತಾನ್ ದಾರಿಯಾಗಿ ಬಂದ ಕಾರುಗಳನ್ನು ಹುಡುಕಿ ಕಸ್ಟಮ್ಸ್‌ನವರು ‘ಆಪರೇಷನ್ ನುಮ್‌ಖೋರ್’ ಎಂದು ಕೇರಳದಲ್ಲಿ ದಾಳಿ ಮಾಡಿದ್ದೂ ಗೊತ್ತಿರಬಹುದು. ಡೀಲರ್ ಮಾರಿದ ಕಾರಾದರೆ ಮೊದಲ ಇನ್‌ವಾಯ್ಸ್, ಖಾಸಗಿಯಾಗಿ ತರಿಸಿದ್ದಾದರೆ ಬಿಲ್ ಆಫ್ ಎಂಟ್ರಿ (ಕಸ್ಟಮ್ಸ್‌ನ ಆಮದು ದಾಖಲೆ) ಮತ್ತು ಸುಂಕದ ರಶೀದಿ. ಇವೆರಡರಲ್ಲಿ ಒಂದೂ ಇಲ್ಲದ ಕಾರು ಮುಟ್ಟಬೇಡಿ.

ಬದಿಯಡ್ಕದವ ಬರೆದದ್ದು:

ಧನ್ಯವಾದ. ಒಂದು ಡೌಟು. ಮಂಗಳೂರಿನಲ್ಲಿ ಮಾವನ ಮನೆ ಉಂಟು. ಅವರ ವಿಳಾಸದಲ್ಲಿ ಕೆಎ ನಂಬರೇ ಇಟ್ಟುಕೊಂಡ್ರೆ ತೆರಿಗೆ ಉಳಿತದಲ್ಲ? ಇಲ್ಲಿ ಸುಮಾರು ಜನ ಹಾಗೇ ಓಡಿಸ್ತಾರೆ.

ಫಾರಂ_ಮೂವತ್ತು ಬರೆದದ್ದು:

ಓಡಿಸುತ್ತಾರೆ, ಹೌದು. ಮೋಟಾರು ವಾಹನ ಕಾಯ್ದೆಯ 40ನೇ ಕಲಂ ಪ್ರಕಾರ ಮಾಲಕ ವಾಸಿಸುವ ಅಥವಾ ವ್ಯವಹಾರ ಇರುವ, ವಾಹನ ಸಾಮಾನ್ಯವಾಗಿ ಇರುವ ರಾಜ್ಯದಲ್ಲೇ ನೋಂದಣಿ. 47ನೇ ಕಲಂ ಪ್ರಕಾರ ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಇಟ್ಟರೆ ಹೊಸ ನಂಬರು ಮಾಡಿಸಲೇಬೇಕು. ಮಾವನ ಹೆಸರಲ್ಲೇ ಕಾರು ಇದ್ದರೆ ಅದು ಕಾನೂನಿನ ಕಣ್ಣಿಗೆ ಅವರದ್ದೇ. ಇನ್ಶೂರೆನ್ಸ್ ಕ್ಲೇಮ್ ಹಣ ಅವರಿಗೆ, ನಾಳೆ ಮಾರುವಾಗ ಸಹಿ ಅವರದ್ದು. ಹಳೇ ಆಲ್ಟೋ ಒಂದಾದರೆ ತಲಪಾಡಿ ಗಡಿ ಆಚೆ ಈಚೆ ಯಾರೂ ತಿರುಗಿ ನೋಡುವುದಿಲ್ಲ. ಕೆಂಪು ಕೇಮನ್ ಬದಿಯಡ್ಕ ಪೇಟೆಯಲ್ಲಿ ದಿನಾ ನಿಂತರೆ ನೋಡದವರು ಯಾರು?

ದೇರಾ_ರಿಟರ್ನ್ ಬರೆದದ್ದು:

ಇದಕ್ಕೇ ಸೇರಿಸುವುದು. ದುಬೈ, ಶಾರ್ಜಾ ನಂಬರಿನ ಕಾರು ‘ಕಾರ್ನೆಟ್‌ನಲ್ಲಿ ಬಂದಿದೆ, ಸುಂಕ ಆಮೇಲೆ ಕಟ್ಟಿದರಾಯಿತು’ ಅಂತ ಕಾಸರಗೋಡಿನಲ್ಲಿ ತೋರಿಸುವವರು ಸಿಗಬಹುದು. ಕಾರ್ನೆಟ್ ಅಂದರೆ ತಾತ್ಕಾಲಿಕ ಪ್ರವೇಶ, ಅವಧಿಯೊಳಗೆ ಕಾರು ದೇಶ ಬಿಟ್ಟು ಹೋಗಬೇಕು, ಇಲ್ಲಿ ಮಾರುವ ಹಾಗಿಲ್ಲ. ಹಳೇ ಕಾರು ಆಮದು ಮಾಡುವುದಾದರೆ ಮೂರು ವರ್ಷ ಮೀರಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು. ಗಲ್ಫಿನ ಕಾರುಗಳೆಲ್ಲ ಎಡಗಡೆಯವು. ಲೆಕ್ಕ ಅಲ್ಲಿಗೇ ಮುಗಿಯಿತು.

ಮೈಕ್ರಾನ್_ಮೀಟರ್ ಬರೆದದ್ದು:

ಆ ಎರಡು ಗಂಟೆ ಹೇಗೆ ಬಳಸುವುದು ಅಂತ ಯಾರೂ ಹೇಳಲಿಲ್ಲ.

ಬೆಳಿಗ್ಗೆ ಹೋಗಿ. ಹಿಂದಿನ ರಾತ್ರಿಯಿಂದ ಸ್ಟಾರ್ಟ್ ಮಾಡಬಾರದು ಅಂತ ಮೊದಲೇ ಹೇಳಿ. ತಲುಪಿದ ಕೂಡಲೇ ಸೈಲೆನ್ಸರ್ ತುದಿಗೆ ಕೈ ಇಡಿ. ಬೆಚ್ಚಗಿದ್ದರೆ ಯಾರೋ ಆಗಲೇ ಓಡಿಸಿ ಶಬ್ದ ಅಡಗಿಸಿದ್ದಾರೆ, ಇನ್ನೊಂದು ದಿನ ಬರುತ್ತೇನೆ ಅಂತ ಹೊರಡಿ.

ಸ್ಟಾರ್ಟಿಗೂ ಮುಂಚೆ ಸ್ಕ್ಯಾನರ್ ಚುಚ್ಚಿ. ಎರರ್ ಕೋಡ್ ಒಂದೂ ಇಲ್ಲ ಅಂದರೆ ಖುಷಿಪಡಬೇಡಿ, ರೆಡಿನೆಸ್ ಮಾನಿಟರ್ (ಕಾರು ತನ್ನನ್ನೇ ಪರೀಕ್ಷಿಸಿ ಮುಗಿಸಿದೆಯೇ ಎನ್ನುವ ಪಟ್ಟಿ) ನೋಡಿ. ಕೆಟಲಿಸ್ಟ್, ಆಕ್ಸಿಜನ್ ಸೆನ್ಸರ್ ಮುಂತಾದವು ‘ಪೂರ್ತಿಯಾಗಿಲ್ಲ’ ಅಂತ ತೋರಿಸಿದರೆ ಕೋಡ್ ನಿನ್ನೆಯೋ ಇವತ್ತೋ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ತೆಗೆದಿದ್ದಾರೆ. ಪೋರ್ಷೆಗೆ ಸಾಮಾನ್ಯ ಒಬಿಡಿ ಸ್ಕ್ಯಾನರ್ ಸಾಲದು, ಪೋರ್ಷೆಗೆಂದೇ ಇರುವ ಪಿವಿಸ್ ಅಥವಾ ಡ್ಯುರಾಮೆಟ್ರಿಕ್ ಬೇಕು. ಅದರಲ್ಲಿ ಎರಡು ಅಂಕಿ ಬರೆದುಕೊಳ್ಳಿ. ಒಂದು ಇಂಜಿನ್ ಓಡಿದ ಒಟ್ಟು ಗಂಟೆ. ಮೀಟರಿನ ಕಿ.ಮೀ.ಯನ್ನು ಅದರಿಂದ ಭಾಗಿಸಿ. ಬೆಂಗಳೂರು ಟ್ರಾಫಿಕ್ಕಿನಲ್ಲೂ ಗಂಟೆಗೆ 20ರ ಆಸುಪಾಸು ಬರಬೇಕು, ಹೈವೇಯಲ್ಲಿ ಓಡಿದ್ದಾದರೆ 35, 40. ಉದಾಹರಣೆಗೆ ಮೀಟರ್ 28,000 ಕಿ.ಮೀ., ಗಂಟೆ 2,400 ಅಂದರೆ ಸರಾಸರಿ 12 ಕೂಡ ಇಲ್ಲ. ಮೀಟರ್ ತಿರುಗಿಸಿದ್ದಾರೆ ಅಂತಲೇ ತಿಳಿಯಿರಿ. ಇನ್ನೊಂದು, ಮ್ಯಾನುವಲ್ ಗೇರಾದರೆ ಓವರ್ ರೆವ್ ದಾಖಲೆ, ಅಂದರೆ ಇಂಜಿನ್ ಮಿತಿ ಮೀರಿ ತಿರುಗಿದ್ದರ ಲೆಕ್ಕ. ಆರು ಶ್ರೇಣಿ ಇರುತ್ತದೆ. 1, 2 ಅಂದರೆ ರೆಡ್‌ಲೈನ್ ಮುಟ್ಟಿಸಿದ್ದು, ಪರವಾಗಿಲ್ಲ. 4ರಿಂದ 6ರಲ್ಲಿ ಅಂಕಿ ಇದ್ದು, ಅದು ಯಾವ ಗಂಟೆಗೆ ಆಯಿತು ಎನ್ನುವುದು ಈಗಿನ ಗಂಟೆಗೆ ಹತ್ತಿರವಿದ್ದರೆ ತಪ್ಪು ಗೇರಿಗೆ ಇಳಿಸಿ ಇಂಜಿನ್ ಹಿಂಡಿದ್ದಾರೆ. ಬಿಎಂಡಬ್ಲ್ಯೂನಲ್ಲಿ ಕೀಲಿಯೊಳಗೂ ಕಿ.ಮೀ. ದಾಖಲಾಗಿರುತ್ತದೆ. ಎರಡೂ ಕೀಲಿ ಕೇಳಿ ಓದಿಸಿ.

ಕಾರಿನ ಮೈ ನೋಡಲಿಕ್ಕೆ ಪೇಂಟ್ ಮೀಟರ್, ಪೇಂಟಿನ ದಪ್ಪ ಅಳೆಯುವಂಥದ್ದು. ಕಂಪನಿ ಪೇಂಟ್ ಸಾಮಾನ್ಯವಾಗಿ 90ರಿಂದ 160 ಮೈಕ್ರಾನ್. 200 ದಾಟಿದರೆ ಮತ್ತೆ ಹೊಡೆದದ್ದು, 500ರ ಮೇಲೆ ಹೋದರೆ ಅಡಿಯಲ್ಲಿ ಪುಟ್ಟಿ (ತಗ್ಗು ಮುಚ್ಚುವ ಲೇಪ) ತುಂಬಿದೆ. ಟಿಟಿ 8ಜೆಯ ಮುಂಭಾಗ ಅಲ್ಯುಮಿನಿಯಂ, ಬಾಗಿಲು ಮತ್ತು ಡಿಕ್ಕಿ ಉಕ್ಕು. ಅಯಸ್ಕಾಂತದಲ್ಲಿ ನಡೆಯುವ ಅಗ್ಗದ ಮೀಟರ್ ಬಾನೆಟ್ ಮೇಲೆ ಏನೂ ತೋರಿಸುವುದಿಲ್ಲ, ಎರಡೂ ಲೋಹ ಅಳೆಯುವಂಥದ್ದೇ ತನ್ನಿ. ಬಾನೆಟ್ ಹಿಂಜಿನ ಬೋಲ್ಟಿಗೆ ಸ್ಪ್ಯಾನರ್ ತಾಗಿದ ಗುರುತು, ಎರಡು ಹೆಡ್‌ಲೈಟಿನ ತಯಾರಿ ತಾರೀಕಿನಲ್ಲಿ ವ್ಯತ್ಯಾಸ, ಒಂದು ಗ್ಲಾಸಿನ ವರ್ಷ ಮಾತ್ರ ಬೇರೆ. ಇವೆಲ್ಲ ಜೊತೆಗೆ ನೋಡಿದರೆ ಯಾವ ಮೂಲೆಗೆ ಹೊಡೆತ ಬಿದ್ದಿದೆ ಗೊತ್ತಾಗುತ್ತದೆ.

ನೀರಲ್ಲಿ ಮುಳುಗಿದ ಕಾರು ಬೇರೆ ಪಿಡುಗು. ಚೆನ್ನೈ 2015 ಮತ್ತು 2023, ಕೇರಳ 2018, ಬೆಂಗಳೂರು 2022: ಇಷ್ಟೂ ನೆರೆಯಲ್ಲಿ ಮುಳುಗಿದ ದುಬಾರಿ ಕಾರುಗಳು ಎಲ್ಲೋ ತೊಳೆದು ಮತ್ತೆ ಮಾರುಕಟ್ಟೆಗೆ ಬಂದಿರುತ್ತವೆ. ಸೀಟ್ ಬೆಲ್ಟ್ ಕೊನೆಯ ತನಕ ಎಳೆಯಿರಿ, ಒಳಗಿನ ತುದಿಯಲ್ಲಿ ಕೆಸರಿನ ಗೆರೆ ಇರುತ್ತದೆ. ಅಷ್ಟುದ್ದ ಎಳೆದು ತೊಳೆಯುವ ತಾಳ್ಮೆ ಯಾರಿಗೂ ಇಲ್ಲ. ಸೀಟಿನ ರೈಲು, ಕಾರ್ಪೆಟ್ ಅಡಿಯ ಫೋಮ್, ಫ್ಯೂಸ್ ಬಾಕ್ಸಿನ ಹಸಿರು ಕಿಲುಬು ನೋಡಿ.

ಟಯರ್ ಮೇಲಿನ ನಾಲ್ಕು ಅಂಕಿ, 2319 ಅಂದರೆ 2019ರ 23ನೇ ವಾರ. ಆರು ವರ್ಷ ದಾಟಿದ್ದರೆ ಗೀಟು ಎಷ್ಟೇ ಇರಲಿ, ನಾಲ್ಕೂ ಹೊಸತು ಹಾಕುವ ಖರ್ಚು ಬೆಲೆಯಲ್ಲಿ ಕಳೆಯಿರಿ. ಪಾರ್ಕಿಂಗಿನಲ್ಲೇ ಕಳೆದ ಕಾರಿನಲ್ಲಿ ಗೀಟು ಇರುತ್ತದೆ, ರಬ್ಬರು ಸತ್ತಿರುತ್ತದೆ. ಬ್ರೇಕ್ ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಕೆತ್ತಿರುತ್ತದೆ, ಕ್ಯಾಲಿಪರ್ ಹಿಡಿದು ಅಳೆಯಿರಿ. ಡ್ರೈವ್ ಕನಿಷ್ಠ 20 ನಿಮಿಷ, ಆಯಿಲ್ ಪೂರ್ತಿ ಬಿಸಿಯಾಗಬೇಕು. ಡಿಎಸ್‌ಜಿಯಲ್ಲಿ 1ರಿಂದ 2ಕ್ಕೆ ಹೋಗುವಾಗ ನಡುಕ, ರಿವರ್ಸ್‌ನಲ್ಲಿ ಏರು ಹತ್ತುವಾಗ ಕುಲುಕು ಬಿಸಿಯಾದ ಮೇಲೇ ಕಾಣುವುದು.

ಬೇಕಲ_ಉಪ್ಪುಗಾಳಿ ಬರೆದದ್ದು:

ನಮ್ಮ ಕಡೆಯ ಸಂಗತಿ ನಾನು ಹೇಳ್ತೇನೆ. ಕೇಮನ್‌ನ ರೇಡಿಯೇಟರ್, ಎಸಿ ಕಂಡೆನ್ಸರ್ ಮುಂದಿನ ಬಂಪರಿನ ಎರಡು ಬಾಯಿಯೊಳಗೆ ಕೂತಿರ್ತವೆ. ತರಗೆಲೆ, ಧೂಳು ಅಲ್ಲೇ ತುಂಬಿ, ಒದ್ದೆಯಾಗಿ, ಅಲ್ಯುಮಿನಿಯಂ ತಿಂದು ಹಾಕ್ತದೆ. ಟಾರ್ಚು ಹಾಕಿ ಇಣುಕಿ. ತಂದ ಮೇಲೆ ವರ್ಷಕ್ಕೊಮ್ಮೆ, ಮಳೆಗೆ ಮೊದಲು ಬಂಪರ್ ಬಿಚ್ಚಿ ತೊಳೆಸುವುದು. ಜೆಡ್4ನಂಥ ಚಾವಣಿ ತೆಗೆಯುವ ಕಾರಿನಲ್ಲಿ ನೀರು ಹೋಗುವ ತೂತು ಕಟ್ಟಿದ್ರೆ ನೀರು ಒಳಗೆ ಇಳಿದು ಕಂಟ್ರೋಲ್ ಯೂನಿಟ್ ಹಾಳಾಗ್ತದೆ. ಜೂನ್‌ನಿಂದ ಸೆಪ್ಟೆಂಬರ್ ನಿಲ್ಲಿಸುವುದಾದ್ರೆ ನನ್ನ ಮತ ಕೂಪೆಗೆ, ಅಂದ್ರೆ ಚಾವಣಿ ತೆಗೆಯದ ಕಾರಿಗೆ.

ನಿಲ್ಲಿಸುವಾಗ ಟ್ಯಾಂಕ್ ಭರ್ತಿ ಮಾಡಿ. ಈಗಿನ ಪೆಟ್ರೋಲಿನಲ್ಲಿ ಶೇ. 20 ಎಥನಾಲ್, ಅದು ಗಾಳಿಯ ತೇವ ಎಳೆದುಕೊಳ್ತದೆ. ಅರ್ಧ ಟ್ಯಾಂಕ್ ಅಂದ್ರೆ ಅರ್ಧ ಟ್ಯಾಂಕ್ ತೇವದ ಗಾಳಿ. 2010ರ ಕಾಲದ ಕಾರುಗಳನ್ನು ಇ20ಗೆ ಮಾಡಿದ್ದಲ್ಲ, ಪೆಟ್ರೋಲ್ ಪೈಪಿನ ರಬ್ಬರ್ ಬಿರಿದಿದೆಯಾ ನೋಡಿಸಿ. ಬ್ಯಾಟರಿಗೆ ಟ್ರಿಕಲ್ ಚಾರ್ಜರ್, ಟಯರಿಗೆ ನಾಲ್ಕು ಪಿಎಸ್‌ಐ ಜಾಸ್ತಿ ಗಾಳಿ, ಹ್ಯಾಂಡ್ ಬ್ರೇಕ್ ಎಳೆಯದೆ ಚಕ್ರಕ್ಕೆ ಕಲ್ಲು. ಪ್ಲಾಸ್ಟಿಕ್ ಟಾರ್ಪಲ್ ಹೊದೆಸಬೇಡಿ, ಒಳಗೇ ಬೆವರಿ ಲೆದರಿಗೆ ಬೂಷ್ಟು ಹಿಡಿತದೆ. ಅಡಿಕೆ ಚೀಲ ಇಡುವ ಶೆಡ್ಡಾದ್ರೆ ಇಲಿ ಬಗ್ಗೆ ಮೊದಲು ಯೋಚಿಸಿ. ಒಂದು ವಯರಿಂಗ್ ಹಾರ್ನೆಸ್ ಬೆಲೆ ಕೇಳಿದ್ರೆ ಬೆಕ್ಕು ಸಾಕ್ತೀರಿ.

ಮನೆ ಏರಿನ ವಿಷಯ: ರಸ್ತೆಯಿಂದ ಏರು ಶುರುವಾಗುವ ಮೂಲೆ, ಏರು ಮುಗಿಯುವ ಮೂಲೆ, ಎರಡೂ ಕಡೆ ಹಲಗೆ ಇಟ್ಟು ಅಳೆಯಿರಿ. ಮುಂದಿನ ಚಕ್ರದಿಂದ ಬಂಪರ್ ತುದಿಗೆ ಎಷ್ಟು ದೂರ, ನೆಲದಿಂದ ಎಷ್ಟು ಎತ್ತರ ಅಂತ ಕಾರಿನಲ್ಲೇ ಟೇಪ್ ಹಿಡಿದು ಬರೆದು ತನ್ನಿ. ಮೂಲೆ ಕಡಿದಾಗಿದ್ರೆ ಒಂದೆರಡು ಮೀಟರ್ ಕಾಂಕ್ರೀಟ್ ಹಾಕಿ ಇಳಿಜಾರು ನಿಧಾನ ಮಾಡುವುದು ಬಂಪರಿಗಿಂತ ಅಗ್ಗ.

ಸರ್ವಿಸ್: ಪೋರ್ಷೆಗೆ ಬೆಂಗಳೂರು, ಇಲ್ಲವೇ ಕೊಚ್ಚಿ. ಮಂಗಳೂರಿನಲ್ಲಿ ಜರ್ಮನ್ ಕಾರಿನ ಕೆಲಸ ಗೊತ್ತಿರುವವರು ಸಿಗ್ತಾರೆ, ಆದ್ರೆ ಪಿಡಿಕೆ ಮುಟ್ಟುವವರು ಕಮ್ಮಿ. ದಾರಿಯಲ್ಲಿ ನಿಂತ್ರೆ ಫ್ಲಾಟ್‌ಬೆಡ್ ಲಾರಿಯೇ ಬೇಕು. ಟಿಟಿ ಕ್ವಾಟ್ರೊವನ್ನು ಎರಡು ಚಕ್ರ ಎತ್ತಿ ಎಳೆದ್ರೆ ಹಾಲ್ಡೆಕ್ಸ್ ಹೋಗ್ತದೆ. ದೊಡ್ಡ ಶಬ್ದದ ಸೈಲೆನ್ಸರ್ ಹಾಕಿದ್ರೆ ಕಂಪನಿಯದ್ದು ವಾಪಸ್ ಕೇಳಿ ತಕೊಳ್ಳಿ. ಕೇರಳದಲ್ಲಿ ಮಾಡಿಫಿಕೇಶನ್‌ಗೆ ದಂಡ ಹಾಕ್ತಾರೆ, ರೀ-ರಿಜಿಸ್ಟ್ರೇಶನ್‌ಗೆ ಕಾರು ತೋರಿಸುವಾಗಲೂ ತಕರಾರು ಬರ್ತದೆ.

ಬದಿಯಡ್ಕದವ ಬರೆದದ್ದು:

ಕೇಮನ್‌ನ ಚಾಸಿಸ್ ನಂಬರು ಸಿಕ್ಕಿತು. ಹತ್ತನೇ ಅಕ್ಷರ 9, ಪಿಡಿಕೆ, 61,000 ಕಿ.ಮೀ., ಆರ್‌ಸಿ ನವೀಕರಣ ಆಗಿದೆ. ಮಾರುವವರು ಈ ವಾರವೇ ಮುಂಗಡ ಕೇಳ್ತಾ ಇದ್ದಾರೆ.

ಉಪ್ಪಳ_ಸ್ಪ್ಯಾನರ್ ಬರೆದದ್ದು:

ಹಾಗಾದರೆ ಐಎಂಎಸ್ ತಲೆಬಿಸಿ ಇಲ್ಲ. ಈ 3.4ರಲ್ಲಿ ಡೈರೆಕ್ಟ್ ಇಂಜೆಕ್ಷನ್, ಸ್ಟಾರ್ಟರ್ ಹೆಚ್ಚು ಹೊತ್ತು ತಿರುಗಿದರೆ ಹೈ ಪ್ರೆಶರ್ ಪಂಪ್ ಕಡೆ ನೋಡಿ. ಲಿಫ್ಟಿಗೆ ಹಾಕಿಸಿ ಪಿಡಿಕೆ ಕೆಳಗೆ ಆಯಿಲ್ ಪಸೆ, ವಾಟರ್ ಪಂಪ್ ಸುತ್ತ ಒಣಗಿದ ಕೂಲಂಟ್ ಕಲೆ ಇದೆಯಾ ನೋಡಿ. ಪಿಡಿಕೆ ಕ್ಲಚ್ ಆಯಿಲ್ 90,000 ಕಿ.ಮೀ. ಅಥವಾ 6 ವರ್ಷ, ಯಾವುದು ಮೊದಲೋ ಅದು. ಕಿ.ಮೀ. ಆಗಿಲ್ಲ ಅಂತ ಬಿಟ್ಟಿರುತ್ತಾರೆ, ವರ್ಷದ ಲೆಕ್ಕದಲ್ಲಿ ಎರಡು ಸಲ ಆಗಿರಬೇಕಿತ್ತು. ಇಂಜಿನ್ ಹೊರಗಿಂದ ಕಾಣುವುದಿಲ್ಲ, ಸೀಟಿನ ಹಿಂದಿನ ಮುಚ್ಚಳ ಬಿಚ್ಚಿಸಲೇಬೇಕು. ಬೆಲ್ಟ್, ಪುಲ್ಲಿ ಎಲ್ಲ ಅಲ್ಲೇ. ಲೀಕ್‌ಡೌನ್ ಟೆಸ್ಟ್ (ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಎಂದು ನೋಡುವುದು) ಮಾಡಿಸಿದರೆ ಆರೂ ಸಿಲಿಂಡರ್ ಹತ್ತಿರ ಹತ್ತಿರ ಬರಬೇಕು, ಯಾವುದಾದರೂ ಒಂದು ಶೇ. 20 ದಾಟಿದರೆ ಬೇಡ.

ಮುಂಗಡ ನಗದು ಕೊಡಬೇಡಿ. ಬ್ಯಾಂಕಿನಿಂದಲೇ ಕಳಿಸಿ, ‘ಲೀಕ್‌ಡೌನ್, ಸ್ಕ್ಯಾನ್ ರಿಪೋರ್ಟ್ ಒಪ್ಪಿಗೆಯಾಗದಿದ್ದರೆ ಅಥವಾ ಕಾಸರಗೋಡಿನ ಹೆಸರಿನ ಎನ್‌ಒಸಿ 30 ದಿನದೊಳಗೆ ಬಾರದಿದ್ದರೆ ಪೂರ್ತಿ ವಾಪಸ್’ ಅಂತ ಬರೆಸಿ ಸಹಿ ಹಾಕಿಸಿ. ಅದಕ್ಕೆ ಒಪ್ಪದಿದ್ದರೆ ಟಿಟಿ ನೋಡಲಿಕ್ಕೆ ಹೋಗಿ.